ಎದೆಮಟ್ಟದ ಮಣ್ಣಿನಲ್ಲಿ ಒಂದು ಪಾಠ

ಇವತ್ತು ಬೆಳಗ್ಗೆ ನಮ್ಮ ಮನೆಯ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ಬುಸ್ ಎಂದು ಗಾಳಿ ಬಿಟ್ಟಿತು, ಕೊನೆಗೆ ಟೀ ಬಣ್ಣದ ನೀರನ್ನು ಬಕೆಟ್ಟಿಗೆ ಸುರಿಯತೊಡಗಿತು. ಅರಸೀಕೆರೆಯಲ್ಲಿ ಸಂಸಾರ ಹೂಡಿದ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲೋ ಪೈಪು ಒಡೆದಿತ್ತು. ಯಾರೋ ನೆಲ ಅಗೆದು ಸರಿ ಮಾಡಿದ್ದಾರೆ. ಒಳಹೊಕ್ಕ ಮಣ್ಣು ಈಗ ಮನೆಮನೆಗೂ ಯಾವ ಭೇದಭಾವವಿಲ್ಲದೆ ಹಂಚಿಕೆಯಾಗುತ್ತಿದೆ.

"ಚೆಲ್ಬಿಡಿ, ಇನ್ನೊಂದೆರಡು ಬಕೆಟ್ ಹೋದ್ಮೇಲೆ ತಿಳಿಯಾಗುತ್ತೆ" ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಅಪ್ಪಣೆ ಕೊಡಿಸಿದಳು. ನಾನು ಚೆಲ್ಲಲಿಲ್ಲ. ಬಗ್ಗಿ ಮೂಸಿದೆ.

ನಗಬೇಡಿ. ನಿವೃತ್ತರಾದ ಗಂಡಸರಿಗೆ ಒಂದೊಂದು ವಾಸನೆಯ ಹುಚ್ಚು ಇರುತ್ತದೆ. ನಮ್ಮ ಬೀದಿಯ ಮೇಷ್ಟ್ರು ಹೊಸ ಪುಸ್ತಕ ಸಿಕ್ಕರೆ ಓದುವ ಮೊದಲು ಮೂಗಿಗೆ ಹಿಡಿಯುತ್ತಾರೆ. ಎದುರು ಮನೆಯ ರೈಲ್ವೆಯವರು ಡೀಸೆಲ್ ಹೊಗೆ ಕುಡಿಯುವುದಕ್ಕೆಂದೇ ಸಂಜೆ ಸ್ಟೇಷನ್ ಕಡೆ ವಾಕಿಂಗ್ ಹೋಗುತ್ತಾರೆ. ಜೀವಮಾನವೆಲ್ಲ ಕಂಟ್ರಾಕ್ಟರುಗಳ ಕೈಕೆಳಗೆ ಸೈಟ್ ಇಂಜಿನಿಯರಾಗಿ ಪೈಪ್‌ಲೈನ್ ಕಾದ ನನಗೆ ಸಿಕ್ಕಿರುವುದು ಈ ಕೆಸರಿನ ವಾಸನೆ. ಆಳದಿಂದ ಎದ್ದ ಹಸಿ ಮಣ್ಣು, ತುಕ್ಕು, ಒಂದಿಷ್ಟು ಪಾಚಿ. ಮೂಗಿಗೆ ತಾಗಿದ ಕೂಡಲೇ ನಾನು ಅರಸೀಕೆರೆಯ ಬಚ್ಚಲಲ್ಲಿ ಇರುವುದಿಲ್ಲ. ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯ ಬದಿಯಲ್ಲಿ, ಒಂದು ಗುಂಡಿಯ ಅಂಚಿನಲ್ಲಿ ಇರುತ್ತೇನೆ. ಗುಂಡಿಯೊಳಗೆ ಲೋಕೇಶ ಇರುತ್ತಾನೆ.

ಲೋಕೇಶನ ಊರು ಕಣಕಟ್ಟೆ. ತೆಂಗಿನ ತೋಟ, ರಾಗಿ ಹೊಲ ಎಲ್ಲ ಇದ್ದ ಕುಳ. ಅವನ ಅಕ್ಕನನ್ನು ಕೊಟ್ಟಿದ್ದು ನಮ್ಮ ಕಂಟ್ರಾಕ್ಟರಿಗೆ. ಹೀಗಾಗಿ ಬೇಲೂರು ಕಡೆಯಿಂದ ಸುತ್ತಲ ಹಳ್ಳಿಗಳಿಗೆ ನೀರು ತರುವ ದೊಡ್ಡ ಪೈಪಿನ ಉಸ್ತುವಾರಿ ಭಾವನ ಪಾಲಿಗೆ ಬಂದಾಗ, ಭಾವಮೈದುನ ಸೂಪರ್‌ವೈಸರ್ ಆದ. ಕೆಲಸ ಬಾರದವನೇನಲ್ಲ. ಒಡೆದ ಪೈಪಿಗೆ ಕಬ್ಬಿಣದ ಪಟ್ಟಿ ಬಿಗಿಯುವುದರಲ್ಲಿ ಅವನ ಕೈ ನೋಡಬೇಕಾದ್ದೇ. ಆದರೆ ಅವನ ಧೈರ್ಯ ಅವನ ಕೆಲಸಕ್ಕಿಂತ ಒಂದು ಗೇಣು ಮುಂದೆ ನಡೆಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಗುಂಡಿಗೆ ಇಳಿದು, ಕಲೆಯಾಗದೆ ಮೇಲೆ ಬರುವುದು ಅವನ ವಿದ್ಯೆ. "ಗುಂಡಿಗೇ ನನ್ನ ಕಂಡ್ರೆ ಭಯ ಐತೆ ಸಾ" ಅನ್ನುತ್ತಿದ್ದ. ಅಗೆಯುವ ಮೊದಲು ತನ್ನ ತೋಟದ ಕಾಯೊಂದನ್ನು ಒಡೆದು ನೆಲಕ್ಕೆ ಕೈಮುಗಿದರೆ ಅವನ ಮಟ್ಟಿಗೆ ಸುರಕ್ಷತೆ ಮುಗಿಯಿತು. ಕಂಪನಿ ಕೊಟ್ಟ ಹೆಲ್ಮೆಟ್ ಅವನ ಬೈಕಿನ ಕನ್ನಡಿಯನ್ನು ಬಹಳ ಚೆನ್ನಾಗಿ ಕಾಪಾಡುತ್ತಿತ್ತು.

ಇಂಥವನ ಮೇಲೆ ಸುಜಾತಾ ಮೇಡಂ ಬಂದರು.

ಸರ್ಕಾರದ ಕೆಲಸ ಹಿಡಿಯಬೇಕಾದರೆ ಸುರಕ್ಷತೆಗೆಂದು ಒಬ್ಬರನ್ನು ಇಟ್ಟುಕೊಳ್ಳಲೇಬೇಕು ಎಂದು ಯಾರೋ ಹೇಳಿದ್ದರಿಂದ ಕಂಟ್ರಾಕ್ಟರು ಅವರನ್ನು ಇಟ್ಟುಕೊಂಡಿದ್ದರು. ಇಟ್ಟುಕೊಳ್ಳಬೇಕು ಎಂದರೆ ಅವರ ಮಾತು ಕೇಳಬೇಕು ಎಂದೂ ಅರ್ಥವಾಗುತ್ತದೆಂದು ಪಾಪ ಅವರಿಗೆ ಹೊಳೆದಿರಲಿಲ್ಲ. ಮೇಡಂ ಅರೇಹಳ್ಳಿ ಕಡೆಯವರು. ತಂದೆ ಹೈಸ್ಕೂಲು ಮೇಷ್ಟ್ರು. ಮನೆಯಲ್ಲಿ ಬುದ್ಧನ ಪಟ, ಗೋಡೆ ತುಂಬ ಪುಸ್ತಕ. ಸಿವಿಲ್ ಓದಿ, ಸುರಕ್ಷತೆಯ ಮೇಲೆ ಬೇರೆ ಕೋರ್ಸು ಮಾಡಿ ಬಂದಿದ್ದರು. ಗಂಟಲು ದೊಡ್ಡದು. ಮಾತು ಶುರುವಾದರೆ ನಿಲ್ಲಿಸುವ ವಾಲ್ವು ಇರಲಿಲ್ಲ. ಪ್ರತಿ ಸೋಮವಾರ ಕೆಲಸಕ್ಕೆ ಮುಂಚೆ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಪಾಠ ಮಾಡುತ್ತಿದ್ದರು. ಒಂದು ಸಲ ತೆರೆದ ಮಣ್ಣಿಗೆ ಮತ್ತೆ ಮೊದಲಿನ ಬಿಗಿ ಬರುವುದಿಲ್ಲ, ಅದರಲ್ಲೂ ನೀರು ಕುಡಿದ ಮಣ್ಣನ್ನು ನಂಬಲೇಬಾರದು, ಗೋಡೆಗೆ ಹಲಗೆ ಆನಿಸದೆ ಆಳದ ಗುಂಡಿಗೆ ಇಳಿಯಬಾರದು, ಅಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಬಾರದು. ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಹೊಯ್ಸಳರ ಕಲ್ಲು ನೂರಾರು ವರ್ಷ ಅಲ್ಲಾಡದೆ ನಿಂತ ನೆಲದಲ್ಲಿ ನಾವು ಅಗೆದ ಗೋಡೆ ಒಂದು ಮಧ್ಯಾಹ್ನ ನಿಲ್ಲುವುದಿಲ್ಲವೇ ಎಂದು ಕೆಲಸದವರು ಹಿಂದಿನಿಂದ ನಗುತ್ತಿದ್ದರು. ಲೋಕೇಶ ನಗುವುದಕ್ಕೂ ನಿಲ್ಲುತ್ತಿರಲಿಲ್ಲ. ಹಾಜರಿ ಹಾಕಿ ಟೀ ಅಂಗಡಿಗೆ ನಡೆಯುತ್ತಿದ್ದ.

ಇನ್ನೊಂದು ಸಂಗತಿಯೂ ಇತ್ತು, ಹೇಳಿಬಿಡುತ್ತೇನೆ. ಮಧ್ಯಾಹ್ನ ಮೇಡಂ ತಮ್ಮ ಡಬ್ಬಿ ತೆರೆದು ಎಲ್ಲರ ಮುಂದೂ ಹಿಡಿಯುತ್ತಿದ್ದರು. ಅಕ್ಕಿ ರೊಟ್ಟಿ, ಕಾಯಿ ಚಟ್ನಿ. ನಾನಂತೂ ಸಂಕೋಚವಿಲ್ಲದೆ ಕೈ ಹಾಕುತ್ತಿದ್ದೆ. ಲೋಕೇಶನ ಮುಂದೆ ಡಬ್ಬಿ ಬಂದಾಗ ಮಾತ್ರ ಅವನಿಗೆ ಶನಿವಾರದ ಉಪವಾಸ ನೆನಪಾಗುತ್ತಿತ್ತು. ಅವನು ಮಾಲೇಕಲ್ಲು ತಿಮ್ಮಪ್ಪನ ಒಕ್ಕಲು. ಸೋಮವಾರ ಹಿಡಿದರೂ ಶನಿವಾರ, ಬುಧವಾರ ಹಿಡಿದರೂ ಶನಿವಾರ. ಅವರ ಜಾತಿಯ ಬಗ್ಗೆ ಅವನು ಒಂದು ದಿನವೂ ಬಾಯಿಬಿಟ್ಟು ಏನೂ ಅಂದವನಲ್ಲ; ಅಷ್ಟು ಮರ್ಯಾದಸ್ಥ. ಮೇಡಂ ಕೂಡ ಒಂದು ದಿನವೂ ಡಬ್ಬಿ ಹಿಡಿಯುವುದನ್ನು ಬಿಟ್ಟವರಲ್ಲ. "ಇವತ್ತೂ ಶನಿವಾರಾನಾ ಲೋಕೇಶ್ ಅವರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗುತ್ತಿದ್ದರು.

ಆ ದಿನ ಪೈಪು ಒಡೆದ ಜಾಗ ಹಿಂದೊಮ್ಮೆ ಅಗೆದು ಮುಚ್ಚಿದ ಜಾಗವೇ. ನೀರು ರಸ್ತೆಯ ಪಕ್ಕದಲ್ಲಿ ತೆಂಗಿನ ಮರದೆತ್ತರ ಚಿಮ್ಮುತ್ತಿತ್ತು. ದೇವಸ್ಥಾನ ನೋಡಲು ಬಂದ ಪ್ರವಾಸಿಗಳ ಬಸ್ಸುಗಳು ನಿಂತು, ಜನ ಇಳಿದು ನಮ್ಮ ಕಾರಂಜಿಯ ಮುಂದೆ ಫೋಟೋ ತೆಗೆಸಿಕೊಂಡರು. ಮೇಲಿನ ವಾಲ್ವು ತಿರುಗಿಸಿ ನೀರು ನಿಲ್ಲಿಸಿದ್ದಾಯಿತು. ಮೇಡಂ ಸ್ವತಃ ಹೋಗಿ ಆ ವಾಲ್ವಿನ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಜಡಿದು ಬಂದರು. ಕೀಲಿಕೈಯನ್ನು ಕೊರಳಲ್ಲಿದ್ದ ಗುರುತಿನ ಚೀಟಿಯ ದಾರಕ್ಕೇ ಕಟ್ಟಿಕೊಂಡರು. "ನೀರಿಗೆ ಬೀಗ ಹಾಕಿದ್ದು ನೋಡಿದ್ದು ಇದೇ ಮೊದ್ಲು ಕಣ್ರೀ" ಎಂದು ವಾಲ್ವ್‌ಮ್ಯಾನ್ ನನ್ನ ಕಿವಿಯಲ್ಲಿ ಹೇಳಿದ.

ಜೆಸಿಬಿ ಬಂದು ಆಳು ಮುಳುಗುವಷ್ಟು ಅಗೆಯಿತು. ತೆಗೆದ ಮಣ್ಣನ್ನೆಲ್ಲ ಅಂಚಿಗೇ ಸುರಿಯಿತು. ದೂರ ಹಾಕಲು ಹೇಳುವಷ್ಟರಲ್ಲಿ ಗುಡ್ಡೆ ಎದ್ದಿತ್ತು. ಮೋಟಾರು ಇಟ್ಟು ಕೆಸರು ನೀರು ಹೊರಹಾಕಿದರು. ಹಲಗೆ ಮಾತ್ರ ಬಂದಿರಲಿಲ್ಲ. ಬೇಲೂರಿನಲ್ಲಿ ಯಾರದೋ ಮನೆಗೆ ಮೋಲ್ಡಿಂಗ್ ಆಗಿ ಬಿಚ್ಚಿದ ಸೆಂಟ್ರಿಂಗ್ ಹಲಗೆಗಳನ್ನು ಟ್ರ್ಯಾಕ್ಟರಿಗೆ ತುಂಬಿಸುತ್ತಿದ್ದಾರೆ ಎಂದು ಫೋನ್ ಬಂತು. ಇತ್ತ ಕಂಟ್ರಾಕ್ಟರ ಫೋನು: ಸಂಜೆಯೊಳಗೆ ನೀರು ಬಿಡಬೇಕು, ದೊಡ್ಡವರೊಬ್ಬರ ಮನೆಯಲ್ಲಿ ಬೀಗರೂಟ ಇದೆ.

"ಹಲಗೆ ಬರೋವರೆಗೂ ಯಾರೂ ಇಳಿಯೋ ಹಾಗಿಲ್ಲ" ಎಂದು ಹೇಳಿ ಮೇಡಂ ಫೋನಿಗೆ ಸಿಗ್ನಲ್ ಹುಡುಕುತ್ತ ರಸ್ತೆಯ ಆಚೆಗೆ ಹೋದರು.

ಲೋಕೇಶ ಅವರ ಬೆನ್ನನ್ನೇ ನೋಡಿದ. ಆಮೇಲೆ ಪ್ಯಾಂಟು ಮಡಚಿದ.

"ಬೇಡ ಲೋಕೇಶ, ಬರ್ತಾರೆ ತಡಿ" ಅಂದೆ. ಸೈಟ್ ಇಂಜಿನಿಯರ್ ಎಂಬ ಹುದ್ದೆಯ ತೂಕ ಎಷ್ಟು ಎಂಬುದು ಇಂಥ ಹೊತ್ತಿನಲ್ಲೇ ಗೊತ್ತಾಗುವುದು.

"ಸಾ, ಹಲಗೆ ಬರೋ ಹೊತ್ತಿಗೆ ನಾನು ಪಟ್ಟಿ ಬಿಗಿದು ಮ್ಯಾಕ್ಕೆ ಬಂದು ಟೀ ಕುಡ್ದಿರ್ತೀನಿ" ಎಂದು ಅವನು ಇಳಿದೇಬಿಟ್ಟ. ಕೆಳಗೆ ನಿಂತು, ಗೋಡೆಗೆ ಅಂಗೈಯಿಂದ ಎರಡು ಸಲ ಬಡಿದು, "ನೋಡಿ, ಕಲ್ಲು ಕಲ್ಲಿದ್ದಂಗೈತೆ" ಅಂದ.

ಮಣ್ಣು ಕುಸಿಯುವಾಗ ದೊಡ್ಡ ಸದ್ದಾಗುತ್ತದೆ ಎಂದು ನೀವು ಅಂದುಕೊಂಡಿದ್ದರೆ ನಾನೂ ಹಾಗೇ ಅಂದುಕೊಂಡಿದ್ದೆ. ಮೂಟೆಯೊಂದನ್ನು ನೆಲಕ್ಕೆ ಇಳಿಸಿದ ಹಾಗೆ ದೊಪ್ಪನೆ ಒಂದು ಶಬ್ದ, ಅಷ್ಟೇ. ಕಣ್ಣು ಮಿಟುಕಿಸಿ ನೋಡಿದರೆ ಗುಂಡಿ ಅರ್ಧವಾಗಿತ್ತು. ಲೋಕೇಶ ಎದೆಯವರೆಗೆ ಮಣ್ಣಿನಲ್ಲಿ ನಿಂತಿದ್ದ. ಒಂದು ಕೈ ಮೇಲಿತ್ತು, ಇನ್ನೊಂದು ಎಲ್ಲಿದೆಯೋ ಕಾಣುತ್ತಿರಲಿಲ್ಲ. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ.

ಆಮೇಲೆ ನಡೆದದ್ದೆಲ್ಲ ಕರುಣೆಯಿಂದಲೇ ನಡೆಯಿತು. ಕೆಲಸದವರು, ಹೊಲದಲ್ಲಿದ್ದವರು, ಬಸ್ಸಿನಿಂದ ಇಳಿದವರು, ಎಲ್ಲರೂ ಅಂಚಿಗೆ ಓಡಿದರು. ನಾನೂ ಓಡಿದೆ. ಒಬ್ಬ ಹಗ್ಗ ತಂದ: ಕಂಕುಳಿಗೆ ಕಟ್ಟಿ ಎಳೆಯೋಣ. ಇನ್ನಿಬ್ಬರು ಧುಮುಕಲು ಅಂಗಿ ಬಿಚ್ಚಿದರು. ಜೆಸಿಬಿಯವನು ಇಂಜಿನ್ ಶುರು ಮಾಡಿ, "ಜರುಗ್ರೋ, ಒಂದೇ ಬಕೆಟ್‌ನಲ್ಲಿ ಎತ್ತಿಬಿಡ್ತೀನಿ" ಎಂದು ಗುಂಡಿಯ ಕಡೆಗೆ ಹೊರಳಿಸಿದ.

ಸುಜಾತಾ ಮೇಡಂ ರಸ್ತೆ ದಾಟಿ ಓಡಿ ಬಂದು ಅದರ ಎದುರಿಗೆ ನಿಂತರು. ಅದರ ಹಲ್ಲುಗಳು ಅವರ ಹೆಲ್ಮೆಟ್ಟಿಗೆ ತಗಲುವಷ್ಟು ಹತ್ತಿರ.

"ಆಫ್ ಮಾಡ್ರೀ! ಆಫ್ ಮಾಡಿ ಕೆಳಗಿಳೀರಿ! ಎಲ್ಲರೂ ಹಿಂದಕ್ಕೆ! ಹಗ್ಗ ಬಿಡಿ!"

"ಅಲ್ಲಿ ಪ್ರಾಣ ಹೋಗ್ತೈತೆ, ಇವಮ್ಮಂದು ಏನ್ಲಾ ಇದು?" ಎಂದು ಒಬ್ಬ ಕೂಗಿದ. "ಕರುಳೇ ಇಲ್ವಾ ಇವಮ್ಮನಿಗೆ?" ಎಂದ ಇನ್ನೊಬ್ಬ. ಯಾರೋ ಅವರ ತೋಳು ಹಿಡಿದು ಎಳೆದರು. ಅವರು ಕೊಡವಿಕೊಂಡರು. ಜೆಸಿಬಿಯ ನಡುಕಕ್ಕೆ ಉಳಿದ ಗೋಡೆಯೂ ಬೀಳುತ್ತದೆ. ಅರ್ಧ ದೇಹ ಮಣ್ಣಿನಲ್ಲಿ ಕಚ್ಚಿಕೊಂಡಿರುವಾಗ ಹಗ್ಗ ಹಾಕಿ ಎಳೆದರೆ ಬೆನ್ನು ಮುರಿಯುತ್ತದೆ. ಇವೆಲ್ಲ ಸೋಮವಾರದ ಪಾಠದಲ್ಲಿ ಬಂದ ಮಾತುಗಳೇ. ಆದರೆ ಆವತ್ತು ವಾದ ಮಾಡಲು ಹೊತ್ತಿರಲಿಲ್ಲವಾದ್ದರಿಂದ ಅವರು ಬರೀ ಕಿರುಚಿದರು. ಜೀವಮಾನದಲ್ಲಿ ಮೊದಲ ಬಾರಿಗೆ ನಾನು ಆ ಗಂಟಲಿಗೆ ಕೃತಜ್ಞನಾದೆ. ಇಂಜಿನ್ ನಿಂತಿತು. ನನ್ನನ್ನು ರಸ್ತೆಗೆ ಅಟ್ಟಿ ಲಾರಿ, ಬಸ್ಸು ನಿಲ್ಲಿಸಲು ಹೇಳಿದರು, ಆಂಬುಲೆನ್ಸಿಗೆ ಫೋನ್ ಮಾಡಿಸಿದರು. ಅಂಚಿನ ಮಣ್ಣಿನ ಗುಡ್ಡೆಯನ್ನು ಆಚೆ ಬದಿಯಿಂದ ಸಲಿಕೆಯಲ್ಲಿ ತೆಗೆಸಿದರು.

ಅಷ್ಟರಲ್ಲಿ ಹಲಗೆಯ ಟ್ರ್ಯಾಕ್ಟರು ಬಂತು. ಮೊದಲೇ ಬರಬೇಕಾಗಿದ್ದ ವಸ್ತುಗಳು ನಮ್ಮ ಕೆಲಸದಲ್ಲಿ ಯಾವಾಗಲೂ ಹೀಗೇ, ಬೇಕಾಗುವುದನ್ನು ಖಚಿತ ಮಾಡಿಕೊಂಡೇ ಬರುತ್ತವೆ. ಫಿಟ್ಟರ್ ನಂಜಪ್ಪನೂ ಆಳುಗಳೂ ಮೇಲಿನಿಂದಲೇ ಎರಡೂ ಗೋಡೆಗೆ ಹಲಗೆ ಇಳಿಬಿಟ್ಟು, ನಡುವೆ ಅಡ್ಡಮರ ಕೊಟ್ಟು ಬಿಗಿದರು. ಜನ ಗೊಣಗುತ್ತಲೇ ಇದ್ದರು: ಮನುಷ್ಯ ಸಾಯ್ತಾ ಇದಾನೆ, ಇವರು ಬಡಗಿ ಕೆಲಸ ಮಾಡ್ತಾವ್ರೆ.

ಕೊನೆಯ ಅಡ್ಡಮರ ಬಿಗಿಯುತ್ತಿದ್ದಂತೆಯೇ ಆಚೆಯ ಗೋಡೆ ಸರಿಯಿತು. ಅದೇ ದೊಪ್ ಎಂಬ ಸದ್ದು. ಹಲಗೆಗಳು ಕಿರ್ರ್ ಎಂದು ನರಳಿ, ಒಳಕ್ಕೆ ಸ್ವಲ್ಪ ಬಾಗಿ, ಹಾಗೇ ನಿಂತವು. ಅಂಗಿ ಬಿಚ್ಚಿದ್ದ ಇಬ್ಬರು ಸುಮ್ಮನೆ ಅಂಗಿ ಹಾಕಿಕೊಂಡರು. ಅಲ್ಲಿಂದಾಚೆಗೆ ಯಾರೂ ಕರುಳಿನ ವಿಚಾರ ಎತ್ತಲಿಲ್ಲ.

ಏಣಿ ಇಟ್ಟು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೇಡಂ ಮೊದಲು ಇಳಿದರು, ಹಿಂದೆ ನಂಜಪ್ಪ. ಕೈಯಿಂದ, ಬಾಂಡ್ಲಿಯಿಂದ, ಎದೆಯ ಸುತ್ತ ಮೊದಲು ಬಿಡಿಸತೊಡಗಿದರು. ನಾನು ಮೇಲೆ ಹಗ್ಗ ಹಿಡಿದು, ಈ ಸಲ ಅಂಚಿಗೆ ಹಾಸಿದ ಹಲಗೆಯ ಮೇಲೆ, ಬೋರಲು ಮಲಗಿದ್ದೆ. ಅವರ ಮಾತು ಒಂದೊಂದೂ ಕೇಳುತ್ತಿತ್ತು.

"ಜೋರಾಗಿ ಉಸಿರು ಬಿಡಬೇಡಿ. ಬಿಟ್ಟಷ್ಟು ಜಾಗಕ್ಕೆ ಮಣ್ಣು ಇಳಿಯುತ್ತೆ. ಚಿಕ್ಕ ಚಿಕ್ಕ ಉಸಿರು. ಹಾಂ, ಹಾಗೆ."

"ಮೇಡಂ, ಕಾಲು... ಗೊತ್ತಾಯ್ತಾ ಇಲ್ಲ."

"ಕಾಲು ಅಲ್ಲೇ ಇದೆ, ಎಲ್ಲಿಗೂ ಹೋಗಿಲ್ಲ. ನನ್ನ ನೋಡಿ. ಕಣ್ಣು ಮುಚ್ಚಬೇಡಿ. ಗುಂಡಿಗೆ ಇಳಿಯೋ ಮೊದಲು ಏನು ನೋಡಬೇಕು, ಹೇಳಿ."

"ಗೊತ್ತಿಲ್ಲ ಮೇಡಂ."

"ಹೇಗೆ ಗೊತ್ತಾಗುತ್ತೆ? ಕ್ಲಾಸಲ್ಲಿ ನಿಂತಿದ್ರೆ ತಾನೆ?"

"ಹಾಜ್ರಿ... ಹಾಕಿದ್ನಲ್ಲ."

ಮೇಡಂ ಪಾಠ ಶುರು ಮಾಡಿದರು. ನಾನು ತಮಾಷೆಗೆ ಹೇಳುತ್ತಿಲ್ಲ. ಅವನನ್ನು ಎಚ್ಚರವಾಗಿಡಲು ಅವರಿಗೆ ಬರುತ್ತಿದ್ದುದು ಅದೊಂದೇ. ಮಣ್ಣಿನ ಬಗೆಗಳಿಂದ ಹಿಡಿದು ಒಂದನ್ನೂ ಬಿಡದೆ, ನಡುನಡುವೆ ಪ್ರಶ್ನೆ ಕೇಳುತ್ತ, ಬಾಂಡ್ಲಿ ತುಂಬಿ ಮೇಲೆ ಕೊಡುತ್ತ, ಇಡೀ ಪಾಠವನ್ನು ಆ ಗುಂಡಿಯಲ್ಲಿ ಮಾಡಿದರು. ಯಾವ ಸೋಮವಾರವೂ ನಿಲ್ಲದ ಲೋಕೇಶ ಆವತ್ತು ಕೊನೆಯವರೆಗೂ ನಿಂತು ಕೇಳಿದ. ಒಂದು ಸಲ ಅವನಿಗೂ ಇದು ಹೊಳೆದಿರಬೇಕು, "ಇವತ್ತು ಟೀ ಅಂಗಡಿಗೆ... ಹೋಗಂಗಿಲ್ಲ ಬಿಡಿ" ಎಂದು ನಗಲು ಹೋದ.

"ನಗಬೇಡಿ!" ಎಂದು ಮೇಡಂ ಗದರಿದರು. "ನಕ್ಕರೆ ಮಣ್ಣು ಇಳಿಯುತ್ತೆ."

ಅವನ ತುಟಿ ಒಣಗಿ ಬಿರಿದಿತ್ತು. ಡಾಕ್ಟರು ನೋಡುವವರೆಗೆ ಕುಡಿಯುವ ಹಾಗಿಲ್ಲ ಎಂದು ಮೇಡಂ ತಮ್ಮ ಬಾಟಲಿಯ ನೀರಿನಲ್ಲಿ ಕರ್ಚೀಫು ಅದ್ದಿ ಅವನ ಬಾಯಿಗೆ ಒತ್ತಿದರು. ಅವನು ಮಗುವಿನ ಹಾಗೆ ಅದನ್ನು ಚೀಪಿದ. ಮತ್ತೆ ಕೊಡಿ ಎಂದು ಕಣ್ಣಲ್ಲೇ ಕೇಳಿದ. ಆಮೇಲೆ ಯೋಚಿಸಿದರೆ, ಆ ದಿನ ನಿಜವಾಗಿಯೂ ಶನಿವಾರ.

"ಮಗಳಿಗೆ ಒಂದ್ ಫೋನ್ ಮಾಡಿ ಹೇಳಿ ಮೇಡಂ" ಎಂದ ಒಮ್ಮೆ.

"ಏನು ಹೇಳಲಿ? ಸಂಜೆ ನೀವೇ ಮಾಡಿ ಹೇಳಿ" ಎಂದು ಅವರು ಬಾಂಡ್ಲಿ ಎತ್ತಿ ಕೊಟ್ಟರು.

ಇದರ ನಡುವೆಯೇ ನನ್ನ ಫೋನು ಬಡಿದುಕೊಂಡಿತು. ವಾಲ್ವ್‌ಮ್ಯಾನ್. ಬೀಗರೂಟದ ಕಡೆಯವರು ನಾಲ್ಕು ಜನ ಬಂದು ನೀರು ಬಿಡು ಎಂದು ಚಕ್ರ ಹಿಡಿದು ಅಲ್ಲಾಡಿಸುತ್ತಿದ್ದಾರೆ, ಈ ದರಿದ್ರ ಬೀಗ ಒಡೆಯಲಾ ಎಂದು ಕೇಳಿದ. ಇಲ್ಲಿ ಗುಂಡಿಯಲ್ಲಿ ಮೂರು ಜನ, ಪಕ್ಕದಲ್ಲಿ ಬಾಯಿ ತೆರೆದ ಪೈಪು. ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಅಚ್ಚು ಹಾಕಲು ಬರುವುದಿಲ್ಲ. ಬೀಗ ಗಟ್ಟಿಯದಾಗಿತ್ತು, ಉಳಿಯಿತು.

ಸೂರ್ಯ ಇಳಿಯುವ ಹೊತ್ತಿಗೆ ಕಾಲು ಬಿಡಿಸಿದರು. ಆಂಬುಲೆನ್ಸಿನವರು ಕೈಗೆ ಡ್ರಿಪ್ ಹಾಕಿ, ಬೆನ್ನಿಗೆ ಹಲಗೆ ಕಟ್ಟಿ ಮೇಲೆ ತಂದರು. ಒಂದು ಕಾಲು ಎರಡು ಕಡೆ ಮುರಿದಿತ್ತು. ಹಾಸನದಲ್ಲಿ ಆಪರೇಷನ್ ಆಯಿತು. ಇಂದಿಗೂ ಕುಂಟುತ್ತಾನೆ. ಬದುಕಿದ್ದಾನೆ.

ಇನ್ನು ಫಲಶ್ರುತಿ. ಆ ವಾರ ಪೇಪರಿನಲ್ಲಿ ಬಂದ ಫೋಟೋದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಜೆಸಿಬಿ. ಹಾಗಾಗಿ ಸಮಯಪ್ರಜ್ಞೆ ಮೆರೆದದ್ದಕ್ಕಾಗಿ ಅದರ ಡ್ರೈವರಿಗೆ ಶಾಲು, ಹಾರ, ಫಲತಾಂಬೂಲ. ಅವನು ಪಾಪ ಸಭೆಯಲ್ಲಿ ತಲೆ ತಗ್ಗಿಸಿ ಕೂತಿದ್ದ, ಜನ ಅದನ್ನು ವಿನಯ ಎಂದುಕೊಂಡರು. ಸುಜಾತಾ ಮೇಡಂ ಸುರಕ್ಷತೆ ನೋಡಿಕೊಳ್ಳುತ್ತಿರುವಾಗಲೇ ಅಪಘಾತವಾಯಿತಲ್ಲ, ಹಾಗಾಗಿ ಮುಂದಿನ ತಿಂಗಳಿಂದ ಬರುವುದು ಬೇಡ ಎಂದರು ಕಂಟ್ರಾಕ್ಟರು. ಮೇಡಂ ಬರುವ ಮುಂಚೆ ಯಾವ ಅಪಘಾತವೂ ಆಗಿರಲಿಲ್ಲ ಎಂಬುದು ಅವರ ವಾದ. ತರ್ಕಕ್ಕೆ ತಪ್ಪು ಹುಡುಕುವುದು ಕಷ್ಟ. ಅವರ ಜಾಗಕ್ಕೆ "ಸುರಕ್ಷತೆಯೇ ಮೊದಲು" ಎಂಬ ದೊಡ್ಡ ಬ್ಯಾನರು ಬಂತು. ಅದು ಮಾತಾಡುತ್ತಿರಲಿಲ್ಲ.

ಸುದ್ದಿ ತಿಳಿದ ಲೋಕೇಶ ಊರುಗೋಲು ಊರಿಕೊಂಡೇ ಭಾವನ ಮನೆಗೆ ಹೋದ. ಬಾಗಿಲಲ್ಲೇ ನಿಂತು, "ಭಾವ, ತಪ್ಪು ಮಾಡ್ದೋನು ನಾನು. ಕಳಿಸಾದಾದ್ರೆ ನನ್ನ ಕಳ್ಸು, ಆಯಮ್ಮನ್ನ ಇಟ್ಕೊ" ಎಂದನಂತೆ. ಭಾವ ಮೊದಲನೆಯ ಮಾತನ್ನು ಮಾತ್ರ ನಡೆಸಿಕೊಟ್ಟರು. ಅಕ್ಕನ ಮನೆಗೆ ಅವನ ಹೋಗು ಬರವು ಅಲ್ಲಿಗೆ ನಿಂತಿತು.

ಮೇಡಂ ಈಗ ಬೇಲೂರಿನ ಬಳಿ ಒಂದು ತರಬೇತಿ ಕೇಂದ್ರದಲ್ಲಿ ಪ್ಲಂಬಿಂಗ್ ಕಲಿಯುವ ಮಕ್ಕಳಿಗೆ ಪಾಠ ಮಾಡುತ್ತಾರೆ. ವರ್ಷಕ್ಕೊಮ್ಮೆ ಲೋಕೇಶನನ್ನು ಕರೆಸುತ್ತಾರೆ, ಜೊತೆಗೆ ಸಾಕ್ಷಿಯಾಗಿ ನನ್ನನ್ನೂ. ಇವತ್ತೇ ಆ ದಿನ. ಮಧ್ಯಾಹ್ನ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಜೊತೆಯಾಗಿ ಹೊರಟೆವು. ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ, ಅವನ ಭಾಷಣ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಮೊದಲ ವರ್ಷ ಎದೆಯವರೆಗಿದ್ದ ಮಣ್ಣು ಆಮೇಲೆ ಕತ್ತಿಗೆ ಬಂತು, ಹೋದ ವರ್ಷ ಮೂಗಿನ ಹತ್ತಿರ ಇತ್ತು. ಗೋಡೆಯನ್ನು ತಾನು ಭುಜದಲ್ಲಿ ತಡೆದು ನಿಲ್ಲಿಸಿದ್ದು ಕೂಡ ಈಚೆಗೆ ಸೇರಿಕೊಂಡಿದೆ. ಮೇಡಂ ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂತು ಕೇಳುತ್ತಾರೆ, ತಿದ್ದುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ, "ನನ್ನ ಮಾತಿಗೆ ಆಕಳಿಸ್ತಾರೆ ಸರ್, ಅವರ ಸುಳ್ಳಿಗೆ ಕಣ್ಣರಳಿಸ್ತಾರೆ. ಹಲಗೆ ಹಾಕಿದ್ರೆ ಸಾಕು ನನಗೆ" ಎಂದಿದ್ದರು.

ಇವತ್ತೂ ಅವನು ಚೆನ್ನಾಗಿಯೇ ಶುರು ಮಾಡಿದ. ಮಣ್ಣು ಗಲ್ಲದವರೆಗೆ ಬಂದಿತ್ತು. ಆಗ ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ ಎದ್ದು ನಿಂತಳು.

"ಸರ್, ಒಳಗಿದ್ದಾಗ ನಿಮಗೆ ಏನು ಕಾಣ್ತಿತ್ತು?"

ಇದನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಭಯ ಆಯಿತಾ ಎಂದು ಕೇಳಿದವರಿಗೆ ಕೊಡಲು ಅವನ ಹತ್ತಿರ ಉತ್ತರ ಸಿದ್ಧವಿರುತ್ತಿತ್ತು. ಲೋಕೇಶ ಮೇಜಿನ ಅಂಚು ಹಿಡಿದುಕೊಂಡ. ಅವನ ದನಿ ಸಣ್ಣದಾಯಿತು.

"ಚಪ್ಪಲಿ ಕಣವ್ವ" ಎಂದ. "ಮೇಲೆ ಸುತ್ತ ನಿಂತಿದ್ರಲ್ಲ, ಅವರ ಚಪ್ಪಲಿ ಕಾಣ್ತಿದ್ವು. ಒಬ್ಬೊಬ್ರು ಒಂದೊಂದ್ ಹೆಜ್ಜೆ ಮುಂದುಕ್ ಬಂದಂಗೂ ಕಾಲಡಿ ಮಣ್ಣು ಉದುರಿ ನನ್ನ ಮುಖದ ಮೇಲೆ ಬೀಳ್ತಿತ್ತು. ನನ್ನ ಉಳಿಸಾಕೇ ಬತ್ತಾವ್ರೆ, ಅದು ಗೊತ್ತು. ಬರಬ್ಯಾಡ್ರೋ ಅನ್ನಾಕೆ ಉಸಿರು ಸಾಲ್ದು. ಮಣ್ಣಿಗೆ ಅಷ್ಟು ಹೆದರಲಿಲ್ಲ ನಾನು. ಅವರಿಗೆ ಹೆದರಿದೆ."

ನನ್ನ ಪಕ್ಕದಲ್ಲಿ ಸುಜಾತಾ ಮೇಡಂ ಕನ್ನಡಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಹುಡುಗಿ ಇನ್ನೂ ನಿಂತೇ ಇದ್ದಳು.

"ಯಾರ್ಯಾರದ್ದು ಚಪ್ಪಲಿ ಅಂತ ಗೊತ್ತಾಗ್ತಿತ್ತಾ ಸರ್?"

ಲೋಕೇಶ ತಲೆ ಎತ್ತಿ ಹಿಂದಿನ ಬೆಂಚಿನ ಕಡೆ ನೋಡಿದ. ಬಹಳ ಹೊತ್ತೇನಲ್ಲ.

"ಇಲ್ಲ ಕಣವ್ವ" ಎಂದ. "ಕೆಳಗಿಂದ ನೋಡಿದ್ರೆ ಎಲ್ಲಾರದ್ದೂ ಒಂದೇ ಥರ ಇರ್ತವೆ."

ನಾನು ಬೆಂಚಿನ ಅಡಿಗೆ ಚಪ್ಪಲಿಯ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡೆ.